ಗುಡುಗಿನ ಪಕ್ಕದಲ್ಲಿ ಪಿಸುಮಾತು: ಭೂನಿಲ್ದಾಣದ ಮೈಕ್ರೋವೇವ್ ಫಿಲ್ಟರ್



ಉಪಗ್ರಹ ಸಂಪರ್ಕ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಂಕಿಯುಗುಳುತ್ತ ಮೇಲೇರುವ ರಾಕೆಟ್ಟು, ರೆಕ್ಕೆಗಳಂತೆ ಸೌರಫಲಕಗಳನ್ನು ಚಾಚಿದ ಉಪಗ್ರಹ, ನೆಲದ ಮೇಲೆ ಆಕಾಶಕ್ಕೆ ಮುಖಮಾಡಿ ನಿಂತ ತಟ್ಟೆಯಾಕಾರದ ಆಂಟೆನಾ. ಆ ಆಂಟೆನಾದ ಹತ್ತಿರ ಹೋಗಿ ನೋಡಿದರೆ ಇನ್ನೊಂದು ವಸ್ತು ಕಾಣುತ್ತದೆ. ಅದು ಆಯತಾಕಾರದ ಒಂದು ಲೋಹದ ಕೊಳವೆ. ಅದರ ಬೆನ್ನ ಮೇಲೆ ಸಾಲಾಗಿ ಕೆಲವು ತಿರುಪುಗಳು. ಒಳಗೆ ತಂತಿಯಿಲ್ಲ, ಚಲಿಸುವ ಭಾಗವಿಲ್ಲ, ಅದಕ್ಕೆ ವಿದ್ಯುತ್ ಸಂಪರ್ಕವೂ ಬೇಕಿಲ್ಲ. ಆದರೂ ಅದನ್ನು ಕಳಚಿ ಪಕ್ಕಕ್ಕಿಟ್ಟರೆ ಇಡೀ ಭೂನಿಲ್ದಾಣ ಕಿವುಡಾಗುತ್ತದೆ. ಅದರ ಹೆಸರು ಮೈಕ್ರೋವೇವ್ ಫಿಲ್ಟರ್. ಕನ್ನಡದಲ್ಲಿ ಶೋಧಕ ಎನ್ನಬಹುದು. ಈ ಶೋಧಕ ಏನನ್ನು ಸೋಸುತ್ತದೆ, ಅದನ್ನು ವಿನ್ಯಾಸ ಮಾಡುವವರ ಮುಂದಿರುವ ಕಷ್ಟ ಯಾವುದು ಎಂಬುದು ಈ ಭಾಷಣದ ವಿಷಯ.

ಒಂದೇ ಆಂಟೆನಾ, ಎರಡು ಕೆಲಸ

ನಮ್ಮ ರಾಜ್ಯದ ಹಾಸನದಲ್ಲಿ 1982ರಲ್ಲಿ ಸ್ಥಾಪನೆಯಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಭೂಸ್ಥಿರ ಕಕ್ಷೆಯಲ್ಲಿರುವ ನಮ್ಮ ಉಪಗ್ರಹಗಳಿಗೆ ಅಲ್ಲಿಂದ ಆಜ್ಞೆಗಳು ಹೋಗುತ್ತವೆ. ಉಪಗ್ರಹಗಳ ಕ್ಷೇಮಸಮಾಚಾರ ಅಲ್ಲಿಗೆ ಬರುತ್ತದೆ. ಟೆಲಿವಿಷನ್ ಕಾರ್ಯಕ್ರಮವನ್ನು ಉಪಗ್ರಹಕ್ಕೆ ಕಳಿಸುವ ನಿಲ್ದಾಣಗಳಲ್ಲಿಯೂ ಇದೇ ರೀತಿಯ ವ್ಯವಸ್ಥೆ. ಒಂದೇ ಆಂಟೆನಾ ಏಕಕಾಲದಲ್ಲಿ ಮಾತನಾಡಲೂ ಬೇಕು, ಕೇಳಲೂ ಬೇಕು.

ಇದಕ್ಕಾಗಿ ಎರಡು ಬೇರೆ ಬೇರೆ ಆವೃತ್ತಿಗಳನ್ನು ಬಳಸುತ್ತಾರೆ. ಸಿ ಬ್ಯಾಂಡ್ ಎಂಬ ಪಟ್ಟಿಯಲ್ಲಿ ನೆಲದಿಂದ ಮೇಲೆ ಹೋಗುವ ಸಂಕೇತಗಳಿಗೆ ರೂಢಿಯಿಂದ 5.925ರಿಂದ 6.425 ಗಿಗಾಹರ್ಟ್ಸ್, ಮೇಲಿನಿಂದ ಕೆಳಗೆ ಬರುವ ಸಂಕೇತಗಳಿಗೆ 3.7ರಿಂದ 4.2 ಗಿಗಾಹರ್ಟ್ಸ್ ಮೀಸಲು. ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಕಂಪನಗಳು.

ಆವೃತ್ತಿಗಳು ಬೇರೆ ಬೇರೆ ಇರುವಾಗ ತೊಂದರೆ ಏನು ಎಂದು ನೀವು ಕೇಳಬಹುದು. ತೊಂದರೆ ಇರುವುದು ಬಲದಲ್ಲಿ. ಭೂಸ್ಥಿರ ಉಪಗ್ರಹ ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿದೆ. ಅದರ ಆಂಟೆನಾ ನಮ್ಮ ದಿಕ್ಕಿಗೆ ಸುಮಾರು 4,000 ವ್ಯಾಟಿಗೆ ಸಮನಾದ ಬಲವನ್ನು ಬೀರುತ್ತಿದೆ ಎಂದಿಟ್ಟುಕೊಳ್ಳೋಣ. ಅಷ್ಟು ದೂರ ಹರಡಿಕೊಂಡು ಬರುವ ಹೊತ್ತಿಗೆ, ಇಲ್ಲಿ 4.5 ಮೀಟರ್ ವ್ಯಾಸದ ಆಂಟೆನಾದ ಬೊಗಸೆಗೆ ಸಿಗುವುದು ಒಂದು ವ್ಯಾಟಿನ ಲಕ್ಷ ಕೋಟಿ ಭಾಗಗಳಲ್ಲಿ ಸುಮಾರು ಎರಡು ಭಾಗ ಮಾತ್ರ. ಅದೇ ಆಂಟೆನಾದಿಂದ ನಾವು ಮೇಲಕ್ಕೆ ಕಳಿಸುತ್ತಿರುವುದು, ಉದಾಹರಣೆಗೆ, 100 ವ್ಯಾಟ್. ಎಂದರೆ ನಮ್ಮ ಮಾತು ನಾವು ಕೇಳಬೇಕಾದ ಮಾತಿಗಿಂತ 50 ಲಕ್ಷ ಕೋಟಿ ಪಟ್ಟು ಜೋರು! ಗುಡುಗಿನ ಪಕ್ಕದಲ್ಲಿ ನಿಂತು ಪಿಸುಮಾತು ಆಲಿಸಬೇಕಾದ ಸ್ಥಿತಿ ಇದು.

ಮೊದಲ ಪರಿಹಾರವಾಗಿ ಎರಡು ಸಂಕೇತಗಳ ಧ್ರುವೀಕರಣವನ್ನು ಬೇರೆ ಮಾಡುತ್ತಾರೆ. ಒಂದರ ವಿದ್ಯುತ್ ಕ್ಷೇತ್ರ ಲಂಬವಾಗಿ ಕಂಪಿಸಿದರೆ ಇನ್ನೊಂದರದು ಅಡ್ಡವಾಗಿ. ಆಂಟೆನಾದ ಕೊರಳಿನಲ್ಲಿ ಎರಡು ಬಾಯಿಗಳಿದ್ದು ಒಂದೊಂದು ಬಾಯಿ ಒಂದೊಂದು ಧ್ರುವೀಕರಣಕ್ಕೆ ಮೀಸಲು. ಇದರಿಂದ ಪ್ರಸಾರದ ಸೋರಿಕೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯಿತೆಂದುಕೊಳ್ಳೋಣ. ಆಗಲೂ ಅದು ಬರುವ ಸಂಕೇತಕ್ಕಿಂತ 5,000 ಕೋಟಿ ಪಟ್ಟು ಹೆಚ್ಚು. ಉಳಿದ ಹೊಣೆ ಫಿಲ್ಟರಿನದು.

ಈ ಕೆಲಸವನ್ನು ಮುಂದೆ ಎಲ್ಲಾದರೂ, ಸಂಕೇತವನ್ನು ವರ್ಧಿಸಿದ ಮೇಲೆ ಮಾಡಬಾರದೇ? ಆಗದು. ಬರುವ ಸಂಕೇತ ಮೊದಲು ಸೇರುವುದು ಅತಿ ಸೂಕ್ಷ್ಮವಾದ ಒಂದು ವರ್ಧಕವನ್ನು. ಅದರ ಮೇಲೆ ಭಾರಿ ಸಂಕೇತ ಬಿದ್ದರೆ ಅದು ತಣಿದುಹೋಗಿ ಕ್ಷೀಣ ಸಂಕೇತವನ್ನು ವರ್ಧಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇಲ್ಲದ ಆವೃತ್ತಿಗಳನ್ನೂ ತಾನೇ ಹುಟ್ಟಿಸುತ್ತದೆ. ಹಾಲು ಒಡೆದ ಮೇಲೆ ಸೋಸಿ ಪ್ರಯೋಜನವೇನು? ಆದ್ದರಿಂದ ಫಿಲ್ಟರ್ ವರ್ಧಕಕ್ಕಿಂತ ಮುಂಚೆಯೇ ಇರಬೇಕು. ಈ ಮಾತನ್ನು ನೆನಪಿಡಿ. ಮುಂದೆ ಬರುವ ಕಷ್ಟಗಳಿಗೆಲ್ಲ ಇದೇ ಮೂಲ.

ಕೊಳವೆಯೇ ಮೊದಲ ಶೋಧಕ

ಮೈಕ್ರೋತರಂಗಗಳನ್ನು ಸಾಗಿಸಲು ಬಳಸುವ ಟೊಳ್ಳು ಲೋಹದ ಕೊಳವೆಗೆ ತರಂಗನಾಳ ಎಂದು ಹೆಸರು. 1897ರಲ್ಲಿ ಲಾರ್ಡ್ ರ‍್ಯಾಲಿ ಗಣಿತದಿಂದಲೇ ಒಂದು ಸಂಗತಿಯನ್ನು ತೋರಿಸಿಕೊಟ್ಟರು. ಇಂಥ ಕೊಳವೆಯಲ್ಲಿ ಎಲ್ಲ ತರಂಗಗಳೂ ಹರಿಯುವುದಿಲ್ಲ. ಕೊಳವೆಯ ಅಗಲದೊಳಗೆ ಅರ್ಧ ತರಂಗದೂರವಾದರೂ ಹಿಡಿಸಬೇಕು. ಹಿಡಿಸದಷ್ಟು ಉದ್ದನೆಯ ತರಂಗ ಬಾಗಿಲಲ್ಲೇ ಸೊರಗುತ್ತದೆ.

ಇದನ್ನು ನೀವೇ ಲೆಕ್ಕ ಹಾಕಬಹುದು. ಬೆಳಕಿನ ವೇಗವನ್ನು ಕೊಳವೆಯ ಅಗಲದ ಎರಡರಷ್ಟರಿಂದ ಭಾಗಿಸಿದರೆ ಹರಿಯಬಲ್ಲ ಅತಿ ಕಡಿಮೆ ಆವೃತ್ತಿ ಸಿಗುತ್ತದೆ. 6 ಗಿಗಾಹರ್ಟ್ಸ್ ಪ್ರಸಾರಕ್ಕೆ ಬಳಸುವ ಒಂದು ರೂಢಿಯ ಕೊಳವೆಯ ಒಳ ಅಗಲ 34.85 ಮಿಲಿಮೀಟರ್. ಅದರ ಕೆಳಗಡಿ ಸುಮಾರು 4.3 ಗಿಗಾಹರ್ಟ್ಸ್. ಪ್ರಸಾರದ ದೊಡ್ಡ ವರ್ಧಕ 4 ಗಿಗಾಹರ್ಟ್ಸ್ ಆಸುಪಾಸಿನಲ್ಲಿಯೂ ಸ್ವಲ್ಪ ಗದ್ದಲವನ್ನು ಹೊರಹಾಕುತ್ತದೆ. ಆ ಗದ್ದಲ ಈ ಕೊಳವೆಯಲ್ಲಿ ಹತ್ತು ಸೆಂಟಿಮೀಟರ್ ದಾಟುವಷ್ಟರಲ್ಲಿ ಸುಮಾರು ಏಳುನೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಬರಿಯ ಕೊಳವೆಯೊಂದು ಇಷ್ಟು ಕೆಲಸ ಮಾಡುವುದು ಸೊಗಸಲ್ಲವೇ?

ಕೇಳುವ ಕಡೆಗೆ ಈ ಉಪಾಯ ಸಾಗದು. ಅಲ್ಲಿ ಬಳಸುವ ಕೊಳವೆಯ ಅಗಲ 58.17 ಮಿಲಿಮೀಟರ್, ಅದರ ಕೆಳಗಡಿ ಸುಮಾರು 2.58 ಗಿಗಾಹರ್ಟ್ಸ್. ನಮಗೆ ಬೇಕಾದ 4 ಗಿಗಾಹರ್ಟ್ಸ್ ಹರಿಯುವಂತೆಯೇ ಬೇಡವಾದ 6 ಗಿಗಾಹರ್ಟ್ಸ್ ಕೂಡ ಧಾರಾಳವಾಗಿ ಹರಿದುಬರುತ್ತದೆ. ಕೊಳವೆ ಕಡಿಮೆ ಆವೃತ್ತಿಯನ್ನು ತಡೆಯಬಲ್ಲದು, ಹೆಚ್ಚಿನದನ್ನಲ್ಲ. ಆದ್ದರಿಂದ ಒಂದು ಪಟ್ಟಿಯನ್ನು ಮಾತ್ರ ಒಳಗೆ ಬಿಟ್ಟು ಅದರ ಎರಡೂ ಬದಿಗಳನ್ನು ತಡೆಯುವ ಉಪಾಯ ಬೇಕು. ಅದಕ್ಕೆ ಅನುರಣನದ ನೆರವು ಪಡೆಯುತ್ತಾರೆ.

ಅನುರಣನದ ಕೋಣೆಗಳು

ಜಲತರಂಗದ ಬಟ್ಟಲುಗಳನ್ನು ನೀವು ನೋಡಿರಬಹುದು. ಪ್ರತಿಯೊಂದು ಬಟ್ಟಲಿಗೂ ಒಂದು ಸ್ವರ. ನೀರು ಹೆಚ್ಚಿಸಿದರೆ ಸ್ವರ ಇಳಿಯುತ್ತದೆ, ತೆಗೆದರೆ ಏರುತ್ತದೆ. ಮೈಕ್ರೋವೇವ್ ಫಿಲ್ಟರಿನ ಒಳಗೂ ಇಂಥ ಬಟ್ಟಲುಗಳಿವೆ. ತರಂಗನಾಳವನ್ನು ಅಡ್ಡಗೋಡೆಗಳಿಂದ ಪುಟ್ಟ ಕೋಣೆಗಳಾಗಿ ವಿಂಗಡಿಸಿರುತ್ತಾರೆ. ಒಂದು ಕೋಣೆಯ ಉದ್ದ ಕೊಳವೆಯೊಳಗಿನ ತರಂಗದೂರದ ಅರ್ಧದಷ್ಟಿದ್ದರೆ ಆ ಆವೃತ್ತಿಗೆ ಅದು ಅನುರಣಿಸುತ್ತದೆ. ನಮ್ಮ ಕೊಳವೆಯಲ್ಲಿ 3.95 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 100 ಮಿಲಿಮೀಟರ್. ಆದ್ದರಿಂದ ಕೋಣೆಯ ಉದ್ದ ಸುಮಾರು 50 ಮಿಲಿಮೀಟರ್. ಮೇಲಿನಿಂದ ಇಳಿಬಿಟ್ಟ ತಿರುಪು ಜಲತರಂಗದ ನೀರಿನಂತೆ ಕೆಲಸ ಮಾಡುತ್ತದೆ. ಒಳಕ್ಕೆ ತಿರುಗಿಸಿದರೆ ಅನುರಣನದ ಆವೃತ್ತಿ ಇಳಿಯುತ್ತದೆ.

ಒಂದೇ ಕೋಣೆ ಒಂದೇ ಸ್ವರಕ್ಕೆ ಒಲಿಯುತ್ತದೆ. ನಮಗೆ ಬೇಕಿರುವುದು 500 ಮೆಗಾಹರ್ಟ್ಸ್ ಅಗಲದ ಒಂದು ಪಟ್ಟಿ. ಅದಕ್ಕೆ ಕೋಣೆಗಳನ್ನು ಒಂದಕ್ಕೊಂದು ಜೋಡಿಸಬೇಕು. ಇದನ್ನು ಮನೆಯಲ್ಲೇ ಪ್ರಯೋಗ ಮಾಡಿ ತಿಳಿಯಬಹುದು. ಎರಡು ಗೂಟಗಳ ನಡುವೆ ಸಡಿಲವಾಗಿ ಒಂದು ದಾರ ಕಟ್ಟಿ. ಅದರಿಂದ ಸಮ ಉದ್ದದ ಎರಡು ನೂಲುಗಳಲ್ಲಿ ಎರಡು ಕಲ್ಲುಗಳನ್ನು ತೂಗುಬಿಡಿ. ಒಂದನ್ನು ತೂಗಿದರೆ ಸ್ವಲ್ಪ ಹೊತ್ತಿನಲ್ಲಿ ಅದು ನಿಂತು ಇನ್ನೊಂದು ತೂಗತೊಡಗುತ್ತದೆ. ಮತ್ತೆ ಶಕ್ತಿ ಮೊದಲನೆಯದಕ್ಕೆ ಮರಳುತ್ತದೆ. ಜೋಡಿಯಾದ ಎರಡು ಲೋಲಕಗಳಿಗೆ ಈಗ ಒಂದರ ಬದಲು ಎರಡು ಸಹಜ ಆವೃತ್ತಿಗಳು. ನಂಟು ಬಿಗಿಯಾದಷ್ಟೂ ಅವುಗಳ ನಡುವಿನ ಅಂತರ ಹೆಚ್ಚು. ಫಿಲ್ಟರಿನಲ್ಲಿ ಈ ನಂಟನ್ನು ಒದಗಿಸುವುದು ಅಡ್ಡಗೋಡೆಯಲ್ಲಿರುವ ಕಿಂಡಿ. ಕಿಂಡಿ ದೊಡ್ಡದಾದರೆ ಪಟ್ಟಿ ಅಗಲ, ಚಿಕ್ಕದಾದರೆ ಪಟ್ಟಿ ಕಿರಿದು. ಹೀಗೆ ನೇರವಾಗಿ ಜೋಡಿಸಿದ ಕೋಣೆಗಳ ಫಿಲ್ಟರನ್ನು ವಿನ್ಯಾಸ ಮಾಡುವ ಕ್ರಮವನ್ನು ಅಮೆರಿಕದ ಸೇಮೋರ್ ಕೋನ್ 1957ರಲ್ಲಿ ಪ್ರಕಟಿಸಿದರು.

ಯಾವ ಕಿಂಡಿ ಎಷ್ಟು ದೊಡ್ಡದಿರಬೇಕು? ಇಲ್ಲಿ ನೆರವಿಗೆ ಬರುವವರು 19ನೆಯ ಶತಮಾನದ ರಷ್ಯದ ಗಣಿತಜ್ಞ ಚೆಬಿಷೆವ್. ಉಗಿಯಂತ್ರದ ತೋಳುಗಳ ಚಲನೆಯನ್ನು ಅಭ್ಯಾಸ ಮಾಡುತ್ತಿದ್ದಾಗ ಅವರು ಕಂಡುಕೊಂಡ ಬಹುಪದಗಳಿಗೆ ಒಂದು ವಿಶೇಷ ಗುಣವಿದೆ. ಒಂದು ಎಲ್ಲೆಯೊಳಗೆ ಅವು ಸಣ್ಣ ಅಲೆಗಳಂತೆ ಸಮನಾಗಿ ಏರಿಳಿಯುತ್ತವೆ. ಎಲ್ಲೆ ದಾಟಿದೊಡನೆ ಕಡಿದಾಗಿ ಮೇಲೇರುತ್ತವೆ. ಫಿಲ್ಟರಿನಿಂದ ನಾವು ಬಯಸುವುದೂ ಇದನ್ನೇ ಅಲ್ಲವೇ? ಒಳಗೆ ಬಿಡಬೇಕಾದ ಪಟ್ಟಿಯಲ್ಲಿ ಬಹುಮಟ್ಟಿಗೆ ಸಮತಟ್ಟು, ಅದರಾಚೆ ಕಡಿದಾದ ತಡೆ. ಉಗಿಯಂತ್ರದ ಗಣಿತ ಉಪಗ್ರಹ ಯುಗಕ್ಕೆ ಒದಗಿಬಂದದ್ದು ಹೀಗೆ.

ಎಷ್ಟು ಕೋಣೆಗಳು ಸಾಕು?

ಈಗ ಒಂದು ಲೆಕ್ಕ ನೋಡೋಣ. ತಡೆಯ ಪ್ರಮಾಣವನ್ನು ಅಳೆಯುವ ಮಾನ ಡೆಸಿಬೆಲ್. 3 ಡೆಸಿಬೆಲ್ ತಡೆ ಎಂದರೆ ಶಕ್ತಿ ಅರ್ಧಕ್ಕಿಳಿಯಿತು. 10 ಎಂದರೆ ಹತ್ತರಲ್ಲಿ ಒಂದು ಪಾಲು. 20 ಎಂದರೆ ನೂರರಲ್ಲಿ ಒಂದು.

3.7ರಿಂದ 4.2 ಗಿಗಾಹರ್ಟ್ಸ್‌ವರೆಗೆ ದಾರಿ ಬಿಡುವ ಆರು ಕೋಣೆಗಳ ಚೆಬಿಷೆವ್ ಫಿಲ್ಟರನ್ನು ತೆಗೆದುಕೊಳ್ಳಿ. ಪ್ರಸಾರದ ಪಟ್ಟಿ ಶುರುವಾಗುವ 5.925 ಗಿಗಾಹರ್ಟ್ಸ್‌ನಲ್ಲಿ, ಕಾಗದದ ಮೇಲಿನ ಲೆಕ್ಕದ ಪ್ರಕಾರ, ಅದರ ತಡೆ 100 ಡೆಸಿಬೆಲಿಗೂ ಹೆಚ್ಚು. ಸಾವಿರ ಕೋಟಿಯಲ್ಲಿ ಒಂದು ಪಾಲೂ ಒಳಗೆ ಬಾರದು. ಗುಡುಗು ಅಡಗಿದಂತೆಯೇ ಸರಿ.

ಆದರೆ ಕಾಗದದ ಲೆಕ್ಕ ಒಂದು ಗುಟ್ಟನ್ನು ಬಚ್ಚಿಡುತ್ತದೆ. ವೀಣೆಯ ತಂತಿ ಮೂಲ ಸ್ವರದ ಜತೆಗೆ ಅದರ ಮೇಲಿನ ಸ್ವರಗಳನ್ನೂ ನುಡಿಯುವಂತೆ ನಮ್ಮ ಕೋಣೆಗೂ ಎರಡನೆಯ ಸ್ವರವಿದೆ. ಕೋಣೆಯ ಉದ್ದದಲ್ಲಿ ಅರ್ಧದ ಬದಲು ಪೂರ್ಣ ತರಂಗವೇ ಕುಳಿತಾಗ ಅದು ಮತ್ತೆ ಅನುರಣಿಸುತ್ತದೆ. ನಮ್ಮ 50 ಮಿಲಿಮೀಟರ್ ಕೋಣೆಯಲ್ಲಿ ಇದು ಎಲ್ಲಿ ಬರುತ್ತದೆ ಗೊತ್ತೇ? ಸುಮಾರು 6.5 ಗಿಗಾಹರ್ಟ್ಸ್‌ನಲ್ಲಿ! ಯಾವ ಪಟ್ಟಿಯನ್ನು ತಡೆಯಬೇಕೆಂದು ಇಷ್ಟೆಲ್ಲ ಶ್ರಮಪಟ್ಟೆವೋ ಅದರ ಮೇಲಂಚಿನ ಪಕ್ಕದಲ್ಲೇ ಫಿಲ್ಟರ್ ಹಿತ್ತಿಲ ಬಾಗಿಲನ್ನು ತೆರೆದಿಟ್ಟಿರುತ್ತದೆ. ಆದ್ದರಿಂದ ಇದರ ಜತೆಗೆ ಇನ್ನೊಂದು ತುಂಡು ಸೇರಿಸುತ್ತಾರೆ. ಅದರ ಒಳಮೈಯಲ್ಲಿ ಒಂದರ ಪಕ್ಕದಲ್ಲೊಂದು ಏಣುಗಳೂ ತಗ್ಗುಗಳೂ ಇರುತ್ತವೆ. ಅದು ಹೆಚ್ಚಿನ ಆವೃತ್ತಿಗಳನ್ನು ತಡೆದು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕುತ್ತದೆ.

ಬಾಗಿಲಿಗೆ ಬಂದ ಹೊಸ ನೆರೆಯವರು

ಬಹುಕಾಲ ಭೂನಿಲ್ದಾಣಗಳ ಮುಖ್ಯ ಚಿಂತೆ ತಮ್ಮದೇ ಪ್ರಸಾರದ್ದಾಗಿತ್ತು. ಈಗ ಇನ್ನೊಂದು ಸೇರಿಕೊಂಡಿದೆ. ನಮ್ಮ ದೇಶದಲ್ಲಿ 2022ರಲ್ಲಿ ನಡೆದ ತರಂಗಗುಚ್ಛದ ಹರಾಜಿನಲ್ಲಿ 3.3ರಿಂದ 3.67 ಗಿಗಾಹರ್ಟ್ಸ್‌ವರೆಗಿನ ಪಟ್ಟಿ ಮೊಬೈಲ್ ಸೇವೆಗೆ ಹೋಯಿತು. ಅದೇ ವರ್ಷ ಅಕ್ಟೋಬರ್ 1ರಂದು 5ಜಿ ಸೇವೆಗೆ ಚಾಲನೆ ದೊರೆಯಿತು. ಉಪಗ್ರಹದ ಪಟ್ಟಿ ಶುರುವಾಗುವುದು 3.7ರಿಂದ. ನಡುವೆ ಉಳಿದದ್ದು ಕೇವಲ 30 ಮೆಗಾಹರ್ಟ್ಸ್ ಓಣಿ. ಕೇಬಲ್ ಟಿವಿಯವರ ದೊಡ್ಡ ಡಿಷ್‌ಗಳಲ್ಲಿ ಬಳಕೆಯಲ್ಲಿದ್ದ ಅನೇಕ ವರ್ಧಕಗಳು 3.4ರಿಂದಲೇ ಸಂಕೇತ ಸ್ವೀಕರಿಸುವಂಥವು. ಮೊಬೈಲ್ ಗೋಪುರವೋ ಕೆಲವೇ ನೂರು ಮೀಟರ್ ದೂರದಲ್ಲಿರಬಹುದು. ಉಪಗ್ರಹ 36,000 ಕಿಲೋಮೀಟರ್ ಆಚೆ. ಈ ಪೈಪೋಟಿಯಲ್ಲಿ ಯಾರ ದನಿ ಮೇಲಾಗುತ್ತದೆಂದು ಹೇಳಬೇಕಿಲ್ಲ.

ನಮ್ಮ ಆರು ಕೋಣೆಗಳ ಫಿಲ್ಟರ್ ಇಲ್ಲಿ ಏನು ಮಾಡುತ್ತದೆ? 3.67 ಗಿಗಾಹರ್ಟ್ಸ್‌ನಲ್ಲಿ ಅದರ ತಡೆ ಕೇವಲ 3 ಡೆಸಿಬೆಲ್! ದೂರದ ವೈರಿಯನ್ನು ಸಾವಿರ ಕೋಟಿ ಪಟ್ಟು ಕುಗ್ಗಿಸಿದ ಅದೇ ಫಿಲ್ಟರ್, ಪಕ್ಕದ ಮನೆಯವರ ಸದ್ದನ್ನು ಅರ್ಧಕ್ಕಿಳಿಸಿ ಕೈಚೆಲ್ಲುತ್ತದೆ. ಕೋಣೆಗಳನ್ನು ಹನ್ನೆರಡಕ್ಕೆ ಏರಿಸಿದರೆ ತಡೆ ಸುಮಾರು 26 ಡೆಸಿಬೆಲ್ ಆಗುತ್ತದೆ. ಹಾಗಾದರೆ ಹದಿನೆಂಟು ಕೋಣೆ ಮಾಡಿಬಿಡೋಣವೇ?

ಸೋಸುವುದಕ್ಕೂ ಬೆಲೆಯಿದೆ

ಇಲ್ಲಿದೆ ವಿನ್ಯಾಸದ ತಿರುಳು. ಪ್ರತಿಯೊಂದು ಕೋಣೆಯ ಗೋಡೆಯೂ ನಮಗೆ ಬೇಕಾದ ಸಂಕೇತದಲ್ಲಿಯೂ ಒಂದಿಷ್ಟನ್ನು ಶಾಖವಾಗಿ ನುಂಗುತ್ತದೆ. ಕೋಣೆಗಳು ಎರಡರಷ್ಟಾದರೆ ನಷ್ಟವೂ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಪಟ್ಟಿಯ ಅಂಚುಗಳಲ್ಲಿ ಇನ್ನೂ ಹೆಚ್ಚು. ಅಷ್ಟೇ ಅಲ್ಲ, ಹೀಗೆ ನುಂಗುವ ವಸ್ತು ತನ್ನ ಶಾಖದಿಂದ ತಾನೇ ಗದ್ದಲವನ್ನೂ ಹೊರಸೂಸುತ್ತದೆ. ಒಳ್ಳೆಯ ಸಿ ಬ್ಯಾಂಡ್ ವರ್ಧಕದ ಸ್ವಂತ ಗದ್ದಲವನ್ನು ತಾಪಮಾನದ ಮಾನದಲ್ಲಿ ಹೇಳಿದರೆ 30 ಕೆಲ್ವಿನ್ ಆಸುಪಾಸು. ಅದರ ಮುಂದೆ ಕೂರಿಸಿದ ಫಿಲ್ಟರಿನಲ್ಲಿ 0.1 ಡೆಸಿಬೆಲ್ ನಷ್ಟವಾದರೆ ಸುಮಾರು 7 ಕೆಲ್ವಿನ್ ಗದ್ದಲ ಸೇರುತ್ತದೆ. 0.5 ಡೆಸಿಬೆಲ್ ನಷ್ಟವಾದರೆ 35 ಕೆಲ್ವಿನ್. ಎಂದರೆ ವರ್ಧಕದ ಇಡೀ ಗದ್ದಲಕ್ಕಿಂತ ಹೆಚ್ಚು! ಹೊರಗಿನ ಸದ್ದನ್ನು ತಡೆಯಲೆಂದು ಹಾಕಿದ ಬಾಗಿಲೇ ಕಿರುಗುಟ್ಟತೊಡಗಿದರೆ ಪಿಸುಮಾತು ಕೇಳುವುದು ಹೇಗೆ?

ಇದಲ್ಲದೆ, ಅಂಚು ಕಡಿದಾದಷ್ಟೂ ಅಂಚಿನ ಹತ್ತಿರದ ಆವೃತ್ತಿಗಳು ಫಿಲ್ಟರಿನೊಳಗೆ ಹೆಚ್ಚು ಹೊತ್ತು ತಂಗುತ್ತವೆ. ಒಂದೇ ಸಂಕೇತದ ಬೇರೆ ಬೇರೆ ಭಾಗಗಳು ಬೇರೆ ಬೇರೆ ಹೊತ್ತಿಗೆ ಹೊರಬಂದರೆ ಅಂಕಿಗಳ ರೂಪದ ಸಂದೇಶದಲ್ಲಿ ಒಂದು ಅಂಕಿ ಇನ್ನೊಂದರ ಮೇಲೆ ಬೀಳುತ್ತದೆ.

ಹಾಗಾಗಿ ಎಂಜಿನಿಯರು ಮೊದಲು ಕೇಳಿಕೊಳ್ಳುವ ಪ್ರಶ್ನೆ, 'ಎಷ್ಟು ತಡೆದರೆ ಸಾಕು?' ಎಂಬುದು. ವರ್ಧಕ ಎಷ್ಟನ್ನು ತಾಳಿಕೊಳ್ಳುತ್ತದೋ ಅಷ್ಟಕ್ಕೆ ಇಳಿಸಿದರೆ ಸಾಕು. ಅದರಾಚೆಯ ಒಂದೊಂದು ಕೋಣೆಯೂ ಬೇಡದ ಖರ್ಚು. ನಷ್ಟ ತಗ್ಗಿಸಲು ಗೋಡೆಗಳಿಗೆ ಬೆಳ್ಳಿಯ ಲೇಪ ಕೊಡುವುದುಂಟು. 4 ಗಿಗಾಹರ್ಟ್ಸ್‌ನಲ್ಲಿ ವಿದ್ಯುತ್ ಪ್ರವಾಹ ಲೋಹದ ಮೇಲ್ಮೈಯ ಸುಮಾರು ಒಂದು ಮೈಕ್ರಾನ್ ದಪ್ಪದಲ್ಲೇ ಬಹುಪಾಲು ಹರಿಯುವುದರಿಂದ ತೆಳುವಾದ ಲೇಪವೇ ಸಾಕು.

ಕೋಣೆಗಳನ್ನು ಹೆಚ್ಚಿಸದೆ ಅಂಚನ್ನು ಕಡಿದು ಮಾಡುವ ಜಾಣತನವೂ ಇದೆ. ತರಂಗಕ್ಕೆ ಕೋಣೆಯಿಂದ ಕೋಣೆಗೆ ಹೋಗುವ ಮುಖ್ಯ ದಾರಿಯ ಜತೆಗೆ, ನಡುವಿನ ಕೋಣೆಗಳನ್ನು ಬಿಟ್ಟು ಹಾರುವ ಒಂದು ಒಳದಾರಿಯನ್ನೂ ಕೊಡುತ್ತಾರೆ. ಯಾವುದೋ ಒಂದು ಆವೃತ್ತಿಯಲ್ಲಿ ಎರಡು ದಾರಿಗಳಿಂದ ಬಂದ ತರಂಗಗಳು ಸಮಬಲವಾಗಿ, ಆದರೆ ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಎದುರಾಗಿ ಸೇರುತ್ತವೆ. ಆಗ ಎರಡೂ ರದ್ದಾಗುತ್ತವೆ. ಆ ಬಿಂದುವನ್ನು ತೊಂದರೆ ಕೊಡುವ ಆವೃತ್ತಿಯ ಮೇಲೆಯೇ ಕೂರಿಸಿದರಾಯಿತು. ಅಮೆರಿಕದ ಕಾಮ್‌ಸ್ಯಾಟ್ ಪ್ರಯೋಗಾಲಯದ ಅಟಿಯಾ ಮತ್ತು ವಿಲಿಯಮ್ಸ್ 1970ರ ದಶಕದ ಆರಂಭದಲ್ಲಿ ಈ ವಿಧಾನವನ್ನು ಉಪಗ್ರಹ ಫಿಲ್ಟರುಗಳಿಗಾಗಿ ಬೆಳೆಸಿದರು. ಸಾಮಾನ್ಯವಾಗಿ 40 ಮೆಗಾಹರ್ಟ್ಸ್ ಅಂತರದಲ್ಲಿ 36 ಮೆಗಾಹರ್ಟ್ಸ್ ಅಗಲದ ವಾಹಿನಿಗಳನ್ನು ಜೋಡಿಸುವ ಉಪಗ್ರಹದಲ್ಲಿ ಇಂಥ ಕಡಿದಾದ ಅಂಚು ಇಲ್ಲದೆ ಕೆಲಸವೇ ನಡೆಯದು.

ಬಿಸಿಲನ್ನೂ ಮರೆಯುವಂತಿಲ್ಲ. ಲೋಹ ಹಿಗ್ಗಿದರೆ ಕೋಣೆ ಹಿಗ್ಗುತ್ತದೆ, ಸ್ವರ ಇಳಿಯುತ್ತದೆ. ಅಲ್ಯೂಮಿನಿಯಂ ಫಿಲ್ಟರ್ ಬೆಳಗಿನ ಜಾವದಿಂದ ಮಧ್ಯಾಹ್ನಕ್ಕೆ 30 ಡಿಗ್ರಿ ಬಿಸಿಯಾದರೆ 4 ಗಿಗಾಹರ್ಟ್ಸ್‌ನಲ್ಲಿ ಸುಮಾರು 2.8 ಮೆಗಾಹರ್ಟ್ಸ್ ಕೆಳಗೆ ಸರಿಯುತ್ತದೆ. ಅಗಲ ಪಟ್ಟಿಯ ಫಿಲ್ಟರಿಗೆ ಇದು ದೊಡ್ಡದಲ್ಲ. 36 ಮೆಗಾಹರ್ಟ್ಸ್‌ನ ಕಿರಿದಾದ ಪಟ್ಟಿಗೆ, 30 ಮೆಗಾಹರ್ಟ್ಸ್‌ನ ಓಣಿಗೆ ಇದು ಲೆಕ್ಕಕ್ಕೆ ಬರುವ ಮೊತ್ತ. ಹಿಗ್ಗುವಿಕೆ ಬಹಳ ಕಡಿಮೆಯಿರುವ ಇನ್ವಾರ್ ಎಂಬ ಕಬ್ಬಿಣ-ನಿಕ್ಕಲ್ ಮಿಶ್ರಲೋಹವನ್ನು ಇಂಥ ಕಡೆ ಬಳಸುವುದು ಇದಕ್ಕಾಗಿಯೇ.

ಇಷ್ಟಾದ ಮೇಲೂ ಒಂದು ಮಾತು ಉಳಿಯುತ್ತದೆ. ನಡುವಿನ ಓಣಿ ತೀರ ಕಿರಿದಾದರೆ ಯಾವ ಜಾಣತನವೂ ಸಾಲದು. ಅಮೆರಿಕ ದೇಶ 2020ರಲ್ಲಿ 3.7ರಿಂದ 3.98 ಗಿಗಾಹರ್ಟ್ಸ್ ಪಟ್ಟಿಯನ್ನು ಮೊಬೈಲಿಗೆ ಕೊಡಲು ನಿರ್ಧರಿಸಿದಾಗ ಉಪಗ್ರಹ ಸೇವೆಯನ್ನು 4.0ರಿಂದ 4.2ಕ್ಕೆ ಸರಿಸಿ, ನಡುವೆ 20 ಮೆಗಾಹರ್ಟ್ಸ್ ಖಾಲಿ ಬಿಟ್ಟು, ಭೂನಿಲ್ದಾಣಗಳಿಗೆ ಹೊಸ ಫಿಲ್ಟರುಗಳನ್ನು ಅಳವಡಿಸುವ ವ್ಯವಸ್ಥೆ ಮಾಡಿತು. ಗಾಳಿಯಲ್ಲಿನ ಜಾಗವನ್ನು ಹಂಚುವವರಿಗೂ ಫಿಲ್ಟರಿನ ಈ ಮಿತಿ ತಿಳಿದಿರಬೇಕು. ಅವರು ಬಿಟ್ಟುಕೊಡುವ ಒಂದೊಂದು ಮೆಗಾಹರ್ಟ್ಸ್ ಓಣಿಯೂ ಎಲ್ಲೋ ಒಂದು ಕೋಣೆಯನ್ನು, ಒಂದಿಷ್ಟು ನಷ್ಟವನ್ನು ಉಳಿಸುತ್ತದೆ.

ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ 32 ಮೀಟರ್ ವ್ಯಾಸದ ಆಂಟೆನಾ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿದಾಗ ಅದರ ಸಂಕೇತ ಭೂಮಿಗೆ ತಲುಪಲು ಸುಮಾರು 12 ನಿಮಿಷ ಬೇಕಾಗಿತ್ತು. ಭೂಸ್ಥಿರ ಉಪಗ್ರಹದ ಸಂಕೇತಕ್ಕೆ ಸೆಕೆಂಡಿನ ಎಂಟನೆಯ ಒಂದು ಭಾಗ ಸಾಕು. ದೂರ ಹೆಚ್ಚಿದಂತೆ ಪಿಸುಮಾತು ಎಷ್ಟು ಕ್ಷೀಣವಾಗಿದ್ದೀತು, ಅಲ್ಲಿ 0.1 ಡೆಸಿಬೆಲಿನ ಬೆಲೆ ಎಷ್ಟಿದ್ದೀತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ವಿದ್ಯಾರ್ಥಿ ಮಿತ್ರರೇ, ಕೊನೆಯದಾಗಿ ನಿಮಗೆ ಎರಡು ಕೆಲಸ. ಮೊದಲನೆಯದು, ಮೇಲೆ ಹೇಳಿದ ಎರಡು ಕೊಳವೆಗಳ ಕೆಳಗಡಿ ಆವೃತ್ತಿಗಳನ್ನು ನೀವೇ ಲೆಕ್ಕಮಾಡಿ, ನಾವು ಕೊಟ್ಟ ಉತ್ತರಕ್ಕೆ ಹೋಲಿಸಿ. ಎರಡನೆಯದು, ಜೋಡಿ ಲೋಲಕದ ಪ್ರಯೋಗ ಮಾಡಿ. ದಾರವನ್ನು ಒಮ್ಮೆ ಸಡಿಲವಾಗಿ, ಒಮ್ಮೆ ಬಿಗಿಯಾಗಿ ಕಟ್ಟಿ, ಶಕ್ತಿ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗಿಬರಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಬರೆದಿಡಿ. ಯಾವಾಗ ನಂಟು ಬಲವಾಗಿತ್ತು, ಯಾವಾಗ ದುರ್ಬಲವಾಗಿತ್ತು ಎಂಬುದನ್ನು ಆ ಅಂಕಿಗಳೇ ಹೇಳುತ್ತವೆ. ಫಿಲ್ಟರ್ ತಯಾರಿಸುವವರು ಕಿಂಡಿಯ ಅಳತೆಯನ್ನು ನಿರ್ಧರಿಸುವಾಗ ಕೇಳಿಕೊಳ್ಳುವುದೂ ಇದೇ ಪ್ರಶ್ನೆಯನ್ನು.